ಹೊಟ್ಟೆಯ ಹೊಲಿಗೆ ಮಾಯುವ ತನಕ: ಟಮ್ಮಿ ಟಕ್ ಆದವರಿಗೆ ಹಂತ ಹಂತವಾಗಿ

ಆಪರೇಷನ್ ಆದ ಆರನೇ ದಿನ ನರ್ಸ್ ಡ್ರೆಸ್ಸಿಂಗ್ ಬಿಚ್ಚಿದಾಗ ನನ್ನ ಕಣ್ಣು ಮೊದಲು ಹೋದದ್ದು ಉದ್ದನೆಯ ಹೊಲಿಗೆಯ ಕಡೆಗಲ್ಲ, ಹೊಕ್ಕುಳಿನ ಕಡೆಗೆ. ಅಂಗಿಗೆ ಈಗಷ್ಟೇ ಗುಂಡಿ ಹೊಲಿದ ಹಾಗೆ ಸುತ್ತಲೂ ನೀಲಿ ದಾರ, ನಡುವೆ ಒಣಗಿದ ರಕ್ತದ ಹಕ್ಕಳೆ. "ಇದು ನನ್ನದೇನಾ?" ಎಂದೆ. "ನಿಮ್ಮದೇ ಮೇಡಂ, ಮನೆ ಅದೇ, ಬಾಗಿಲು ಮಾತ್ರ ಹೊಸದು" ಎಂದರು ನರ್ಸ್.

ತಮಾಷೆಗೆ ಹೇಳಿದರೂ ಅಲ್ಲಿ ನಡೆದದ್ದು ಅದೇ. ಅಬ್ಡಾಮಿನೋಪ್ಲಾಸ್ಟಿ, ಎಲ್ಲರ ಬಾಯಲ್ಲಿ ಟಮ್ಮಿ ಟಕ್, ಎಂಬ ಶಸ್ತ್ರಚಿಕಿತ್ಸೆಯಲ್ಲಿ ಕೆಳಹೊಟ್ಟೆಯನ್ನು ಒಂದು ಸೊಂಟದ ಮೂಳೆಯಿಂದ ಇನ್ನೊಂದರ ತನಕ ಕೊಯ್ಯುತ್ತಾರೆ. ಚರ್ಮವನ್ನೂ ಕೊಬ್ಬನ್ನೂ ಸ್ನಾಯುವಿನಿಂದ ಬಿಡಿಸಿಕೊಂಡು ಪಕ್ಕೆಲುಬಿನ ಕಡೆಗೆ ಹೋಗುತ್ತಾರೆ. ಬಸಿರಿನಲ್ಲಿ ಅಗಲವಾಗಿ ಸರಿದ ಸ್ನಾಯುಗಳನ್ನು ಹೊಲಿದು ಹತ್ತಿರ ತಂದು, ಜೋತುಬಿದ್ದ ಚರ್ಮವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕೆಳಗೆಳೆದು ಕೂಡಿಸುತ್ತಾರೆ. ಹೊಕ್ಕುಳು ತನ್ನ ಬುಡ ಬಿಟ್ಟು ಕದಲುವುದಿಲ್ಲ. ಮೇಲಿಂದ ಇಳಿದುಬಂದ ಚರ್ಮದಲ್ಲಿ ಅದಕ್ಕೊಂದು ಹೊಸ ಕಿಂಡಿ ಮಾಡುತ್ತಾರೆ. ಆದ್ದರಿಂದ ಕಲೆಗಳು ಎರಡು: ಹೊಕ್ಕುಳಿನ ಸುತ್ತ ಒಂದು ಉಂಗುರ, ಕೆಳಗೆ ಒಂದು ಉದ್ದ ಗೆರೆ. ಗೆರೆಯನ್ನು ಒಳಉಡುಪಿನೊಳಗೆ ಅಡಗುವಷ್ಟು ಕೆಳಗಿಡುವ ಪದ್ಧತಿ ಹರಡಿಸಿದವರಲ್ಲಿ ಬ್ರೆಜಿಲ್‌ನ ಸರ್ಜನ್ ಇವೊ ಪಿಟಾಂಗಿ ಮುಖ್ಯರು. ತಮ್ಮ 300 ಶಸ್ತ್ರಚಿಕಿತ್ಸೆಗಳ ಅನುಭವವನ್ನು ಅವರು 1967ರಲ್ಲಿ ಪ್ರಕಟಿಸಿದರು.

ಎರಡು ಸಿಸೇರಿಯನ್, ಒಂದು ಹರ್ನಿಯಾ ಕಂಡ ಹೊಟ್ಟೆ ನನ್ನದು. ಈಗ ಒಂದೂವರೆ ವರ್ಷವಾಯಿತು. ಇಷ್ಟು ದಿನದಲ್ಲಿ ಬಂದವರು ಹೋದವರೆಲ್ಲ ಒಂದೊಂದು ಎಣ್ಣೆ, ಒಂದೊಂದು ಕ್ರೀಮು ಹೇಳಿದರು. ನನಗೆ ತಿಳಿದದ್ದು ಇಷ್ಟೇ: ಹೊಲಿಗೆಯನ್ನು ಎಳೆಯದೆ, ಉಜ್ಜದೆ, ಸುಡದೆ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಹಚ್ಚುವ ಮಾತು ಆಮೇಲೆ. ಇಲ್ಲಿ ಬರೆದದ್ದಕ್ಕೂ ನಿಮ್ಮ ಸರ್ಜನ್ ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ ಅವರ ಮಾತೇ ಅಂತಿಮ. ಒಳಗಡೆ ಎಷ್ಟು ಬಿಗಿಯಾಗಿ ಹೊಲಿದಿದ್ದಾರೆ ಎಂಬುದು ಅವರಿಗೆ ಮಾತ್ರ ಗೊತ್ತು.

ಹಂತ 1: ಆಸ್ಪತ್ರೆಗೆ ಹೋಗುವ ಮೊದಲು

ಕಿವಿ ಚುಚ್ಚಿಸಿದ ಜಾಗವನ್ನೊಮ್ಮೆ ಮುಟ್ಟಿ ನೋಡಿ. ಅಲ್ಲಿ ಗಂಟು ಕಟ್ಟಿದೆಯೇ? ತೋಳಿನ ಮೇಲಿನ ಲಸಿಕೆಯ ಗುರುತು ಉಬ್ಬಿ ನಿಂತಿದೆಯೇ? ಹಳೆಯ ಸಿಸೇರಿಯನ್ ಗೆರೆ ಹಗ್ಗದಂತೆ ದಪ್ಪಗಿದೆಯೇ? ಹೌದಾದರೆ ಸರ್ಜನ್‌ಗೆ ತೋರಿಸಿ. ನಮ್ಮಂಥ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಉಬ್ಬುಗಲೆಯೂ, ಗಾಯದ ಗೆರೆ ದಾಟಿ ಹಬ್ಬುವ ಕೆಲಾಯ್ಡ್ ಎಂಬ ಗಂಟುಗಲೆಯೂ ಬಿಳಿಯರಿಗಿಂತ ಹೆಚ್ಚು. ಇದು ಮೊದಲೇ ಗೊತ್ತಿದ್ದರೆ ಕಲೆಯ ಚಿಕಿತ್ಸೆಯನ್ನು ಬೇಗ ಶುರು ಮಾಡುತ್ತಾರೆ.

ಎರಡನೆಯದು ತಂಬಾಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಟಮ್ಮಿ ಟಕ್‌ನಲ್ಲಿ ಕೆಳಗೆಳೆದ ಚರ್ಮಕ್ಕೆ ಮೊದಲೇ ರಕ್ತದ ದಾರಿ ಕಡಿಮೆ. ಅದರ ಮೇಲೆ ನಿಕೋಟಿನ್ ಸೇರಿದರೆ ನಡುಗೆರೆಯ ಹತ್ತಿರ ಚರ್ಮ ಕಪ್ಪಾಗಿ ಸತ್ತೇ ಹೋಗಬಹುದು. ಹಿಂದೆ ನಾಲ್ಕು ವಾರ, ಮುಂದೆ ನಾಲ್ಕು ವಾರವಾದರೂ ಬಿಡಬೇಕು. "ನಾನು ಸಿಗರೇಟು ಸೇದುವುದಿಲ್ಲ" ಎನ್ನುವ ಹೆಂಗಸರಿಗೂ ಇದು ಅನ್ವಯ: ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು, ಗುಟ್ಕಾ, ನಿಕೋಟಿನ್ ಚೂಯಿಂಗ್ ಗಮ್ ಎಲ್ಲದರಲ್ಲಿರುವುದೂ ಅದೇ ನಿಕೋಟಿನ್. ಸರ್ಜನ್ ಕೇಳದಿದ್ದರೂ ನೀವೇ ಹೇಳಿ. ನುಂಗುವ ಮಾತ್ರೆಗಳನ್ನೂ ಹೇಳಿ, ಮನೆಯ ಚೂರ್ಣ ಕಷಾಯಗಳನ್ನೂ ಬಿಡಬೇಡಿ.

ಮುಂದೆ ಗುಂಡಿಯಿರುವ ಹತ್ತಿಯ ನೈಟಿ ನಾಲ್ಕು, ದಿಂಬು ನಾಲ್ಕು, ಒಂದು ನೋಟುಪುಸ್ತಕ. ಇಷ್ಟು ಸಾಕು. ಕಲೆಯ ಕ್ರೀಮನ್ನು ಈಗಲೇ ತರಬೇಡಿ. ಅದಕ್ಕೆ ಇನ್ನೂ ತಿಂಗಳಿದೆ.

ಹಂತ 2: ಮೊದಲ ವಾರ ಬಾಗಿಯೇ ಇರಿ

ಚರ್ಮದ ಆರೈಕೆ ಎಂದರೆ ಏನೋ ಹಚ್ಚುವುದು ಎಂದುಕೊಂಡಿದ್ದ ನನಗೆ ಮೊದಲ ವಾರ ಸಿಕ್ಕ ಏಕೈಕ ಸೂಚನೆ: ಬೆನ್ನು ನೆಟ್ಟಗೆ ಮಾಡಬೇಡಿ. ಮಲಗಿದಾಗ ಬೆನ್ನ ಹಿಂದೆ ಎರಡು ದಿಂಬು, ಮಂಡಿಯ ಕೆಳಗೆ ಎರಡು. ನಡೆಯುವಾಗ ಅಜ್ಜಿಯಂತೆ ಸೊಂಟ ಬಗ್ಗಿಸಿಕೊಂಡು. ಹೊಲಿಗೆಯ ಎರಡು ಅಂಚುಗಳ ಮೇಲೆ ಎಳೆತ ಕಡಿಮೆಯಾದಷ್ಟೂ ಕಲೆ ಸಣ್ಣದಾಗುತ್ತದೆ. ಗಾಯಕ್ಕೆ ಮೊದಲ ವಾರದಲ್ಲಿ ಮೂಲ ಚರ್ಮದ ಬಲದ ನೂರರಲ್ಲಿ ಮೂರು ಪಾಲೂ ಇರುವುದು ಕಷ್ಟ, ಮೂರು ವಾರಕ್ಕೆ ಮೂರನೇ ಒಂದು ಪಾಲು ತುಂಬಿರುವುದಿಲ್ಲ, ಮೂರು ತಿಂಗಳಿಗೆ ಸುಮಾರು ಶೇ. 80. ಪೂರ್ತಿ ನೂರು ಎಂದೂ ಬರುವುದಿಲ್ಲ. ಇಷ್ಟು ನೆನಪಿದ್ದರೆ ಎರಡನೇ ವಾರದಲ್ಲಿ ಮಗುವನ್ನು ಎತ್ತಿಕೊಳ್ಳಲು, ನೀರಿನ ಕೊಡ ಸರಿಸಲು ಕೈ ಮುಂದಾಗುವುದಿಲ್ಲ. ಆರು ವಾರ ಭಾರ ಬೇಡ.

ಬಾಗಿಕೊಂಡೇ ಆದರೂ ನಡೆಯಬೇಕು, ಮೊದಲ ದಿನದಿಂದಲೇ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಕೆಮ್ಮು, ಸೀನು, ನಗು ಬಂದಾಗ ಒಂದು ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ. ನಗಿಸುವ ನೆಂಟರನ್ನು ಎರಡು ವಾರ ಬಿಟ್ಟು ಕರೆಯಿರಿ.

ಪಕ್ಕದಿಂದ ಡ್ರೈನ್ ಎಂಬ ಸಣ್ಣ ಕೊಳವೆ ಹೊರಬಂದಿರುತ್ತದೆ, ತುದಿಗೊಂದು ಡಬ್ಬಿ. ದಿನಾ ಒಂದೇ ಹೊತ್ತಿಗೆ ಅದರಲ್ಲಿ ಕೂಡಿದ ದ್ರವವನ್ನು ಅಳೆದು ಬರೆದಿಡಿ. ಮೊದಲು ಕೆಂಪು, ಆಮೇಲೆ ತಿಳಿ ಕೆಂಪು, ಕೊನೆಗೆ ನಿಂಬೆ ಷರಬತ್ತಿನ ಬಣ್ಣ. 24 ಗಂಟೆಗೆ ಸುಮಾರು 30 ಮಿಲಿಲೀಟರಿಗಿಂತ ಇಳಿದಾಗ ಸಾಮಾನ್ಯವಾಗಿ ತೆಗೆಯುತ್ತಾರೆ. ಡಬ್ಬಿಯನ್ನು ನೈಟಿಗೆ ಪಿನ್ ಮಾಡಿಕೊಳ್ಳಿ. ನಾನು ಒಮ್ಮೆ ಅದನ್ನು ಮರೆತು ಎದ್ದು ನಿಂತೆ, ಅದರ ಜಗ್ಗಾಟ ಇಂದಿಗೂ ನೆನಪಿದೆ.

ಹಂತ 3: ಸ್ನಾನ

ಬಹಳಷ್ಟು ಸರ್ಜನ್‌ಗಳು 48 ಗಂಟೆಯ ನಂತರ ಸ್ನಾನಕ್ಕೆ ಒಪ್ಪುತ್ತಾರೆ, ಕೆಲವರು ಡ್ರೈನ್ ತೆಗೆಯುವ ತನಕ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಲು ಹೇಳುತ್ತಾರೆ. ಒಪ್ಪಿಗೆ ಸಿಕ್ಕಮೇಲೆ ಹೀಗೆ ಮಾಡಿ: ಸ್ಟೂಲ್ ಮೇಲೆ ಕೂತು, ಉಗುರು ಬೆಚ್ಚಗಿನ ನೀರನ್ನು ಹೆಗಲ ಮೇಲಿಂದ ಹಾಕಿಕೊಳ್ಳಿ. ತಂಬಿಗೆಯ ನೀರನ್ನು ನೇರ ಹೊಟ್ಟೆಗೆ ಎರಚಬೇಡಿ. ವಾಸನೆಯಿಲ್ಲದ ಸೋಪಿನ ನೊರೆಯನ್ನು ಅಂಗೈಯಲ್ಲಿ ಮಾಡಿಕೊಂಡು ಹೊಲಿಗೆಯ ಮೇಲೆ ಹಾಯಿಸಿ, ತೊಳೆಯಿರಿ, ಅಷ್ಟೇ. ಬ್ರಷ್, ಜಾಲರಿ, ಕಡಲೆಹಿಟ್ಟು ಎಲ್ಲಕ್ಕೂ ರಜೆ. ಒರೆಸುವಾಗ ಉಜ್ಜಬೇಡಿ; ಹಳೆಯ ಮೆತ್ತಗಿನ ಪಂಚೆಯ ತುಂಡಿನಿಂದ ಒತ್ತಿ ಒತ್ತಿ ತೇವ ತೆಗೆಯಿರಿ. ಐದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹೊಟ್ಟೆಯ ಕಂಪ್ರೆಷನ್ ಬೆಲ್ಟ್ ಕಟ್ಟಿಕೊಳ್ಳಿ. ಮೊದಲ ಒಂದೆರಡು ಸಲ ಬಾಗಿಲ ಹೊರಗೆ ಯಾರಾದರೂ ನಿಂತಿರಲಿ, ತಲೆ ಸುತ್ತು ಬರುವುದುಂಟು.

ಹಕ್ಕಳೆ ಕೀಳಬೇಡಿ. ಅದರಡಿ ಹೊಸ ಚರ್ಮ ಹರಿದು ಬರುತ್ತಿರುತ್ತದೆ. ಕಿತ್ತರೆ ಅದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಹಚ್ಚಿದರೆ ಉರಿಯುತ್ತದೆ, ಉರಿದರೆ ಕೀಟಾಣು ಸಾಯುತ್ತದೆ ಎಂಬುದು ನಮ್ಮ ತಲೆಗೆ ಹೊಕ್ಕ ಲೆಕ್ಕ. ಅದರ ಜೊತೆಗೆ ಹೊಸ ಚರ್ಮದ ಕೋಶಗಳೂ ಸಾಯುತ್ತವೆ. ನಮ್ಮಮ್ಮ ಎರಡನೇ ವಾರ ಅರಿಶಿನ ಕಲಸಿದ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದರು. ಬಾಯಿ ಮುಚ್ಚದ ಗಾಯಕ್ಕೆ ಅಡುಗೆಮನೆಯದು ಯಾವುದೂ ಬೇಡ ಎಂದು ಒಪ್ಪಿಸಲು ಒಂದು ಸಂಜೆ ಹಿಡಿಯಿತು. ಬಟ್ಟಲಿನ ಎಣ್ಣೆ ಕೊನೆಗೆ ಅಮ್ಮನ ಮೊಣಕಾಲಿಗೆ ಹೋಯಿತು.

ಈಜು, ಬಾತ್‌ಟಬ್, ಹೊಳೆ, ಕೆರೆ ಇವೆಲ್ಲ ಗಾಯ ಪೂರ್ತಿ ಮಾಯ್ದ ಮೇಲೆ, ಆರು ವಾರ ಕಳೆದು.

ಹಂತ 4: ಬೆಲ್ಟ್, ಮತ್ತು ಅದರಡಿಯ ಚರ್ಮ

ಬಾಣಂತಿಯ ಹೊಟ್ಟೆಗೆ ಹಳೆ ಸೀರೆ ಬಿಗಿದು ಕಟ್ಟಿದ ಮನೆಗಳಲ್ಲಿ ಬೆಳೆದ ನಮಗೆ ಕಂಪ್ರೆಷನ್ ಬೆಲ್ಟ್ ಹೊಸದೇನಲ್ಲ. ಆದರೆ ಬಿಗಿ ಹೆಚ್ಚಾದಷ್ಟೂ ಹೊಟ್ಟೆ ಬೇಗ ಇಳಿಯುತ್ತದೆ ಎಂಬ ಆಸೆ ಇಲ್ಲಿ ಅಪಾಯ. ಚರ್ಮ ಮತ್ತು ಸ್ನಾಯುವಿನ ನಡುವಿನ ಖಾಲಿ ಜಾಗದಲ್ಲಿ ನೀರು ತುಂಬದಂತೆ ಹಿತವಾಗಿ ಒತ್ತಿ ಹಿಡಿಯುವುದಷ್ಟೇ ಬೆಲ್ಟಿನ ಕೆಲಸ. ಬೆರಳೆರಡು ಒಳಗೆ ಹೋಗಬೇಕು, ಉಸಿರು ಪೂರ್ತಿ ಎಳೆಯಲು ಬರಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಮೊದಮೊದಲು ಹಗಲು ರಾತ್ರಿ.

ಕೆಳಗೊಂದು ತೆಳು ಹತ್ತಿಯ ಬನಿಯನ್ ಹಾಕಿ, ಅದರ ಮಡಿಕೆಗಳನ್ನು ಕೈಯಿಂದ ನೇರ ಮಾಡಿ. ಒಂದು ಮಡಿಕೆ ರಾತ್ರಿಯಿಡೀ ಒತ್ತಿದರೆ ಬೆಳಿಗ್ಗೆ ಅಲ್ಲಿ ಕೆಂಪು ಗೆರೆ. ಅರ್ಧ ಗಂಟೆಯಲ್ಲಿ ಮಾಸದಿದ್ದರೆ ಬೆಲ್ಟ್ ಅಳತೆ ತಪ್ಪಿದೆ ಎಂದು ತಿಳಿಯಿರಿ. ಬೆಲ್ಟ್ ಎರಡಿರಲಿ: ಒಂದು ಒಗೆದಾಗ ಇನ್ನೊಂದು. ಮಂಗಳೂರಿನ ಸೆಕೆಯಲ್ಲಿ, ಕಲಬುರಗಿಯ ಬೇಸಿಗೆಯಲ್ಲಿ ಇರುವವರು ಬನಿಯನ್ನನ್ನು ದಿನಕ್ಕೆ ಎರಡು ಸಲ ಬದಲಾಯಿಸಿ. ಟಾಲ್ಕಂ ಪೌಡರ್ ಸುರಿದುಕೊಳ್ಳಬೇಡಿ, ಅದು ಬೆವರಿನೊಂದಿಗೆ ಕಲಸಿಕೊಂಡು ಹೊಲಿಗೆಯಲ್ಲಿ ಕೂರುತ್ತದೆ.

ಹಂತ 5: ಹೊಕ್ಕುಳು

ತೇವ ನಿಲ್ಲುವ ಗುಂಡಿ ಅದು. ಸ್ನಾನವಾದಮೇಲೆ ಹತ್ತಿಯ ಕಡ್ಡಿಯನ್ನು ತಿರುಗಿಸದೆ, ಮೆತ್ತಗೆ ತಾಗಿಸಿ ನೀರು ಹೀರಿಸಿ. ಒಳಗೆ ಕಪ್ಪು ಹಕ್ಕಳೆ ಇದ್ದರೆ ಇರಲಿ, ತಾನೇ ಉದುರುತ್ತದೆ. ಕೆಟ್ಟ ವಾಸನೆ ಬಂದರೆ ತೋರಿಸಿ.

ಹಂತ 6: ಬಿಸಿಯಿಂದ ದೂರ

ಈ ಹಂತವನ್ನು ನನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಯಾರೂ ಬರೆದಿರಲಿಲ್ಲ, ಅದಕ್ಕೇ ಇಲ್ಲಿ ತುಸು ಹೆಚ್ಚು ಬರೆಯುತ್ತೇನೆ.

ಚರ್ಮವನ್ನು ಬಿಡಿಸುವಾಗ ಅದಕ್ಕೆ ಬರುವ ಸಣ್ಣ ನರಗಳೂ ಕತ್ತರಿಸಿಹೋಗುತ್ತವೆ. ಹಾಗಾಗಿ ಹೊಕ್ಕುಳಿನಿಂದ ಕೆಳಗೆ ತಿಂಗಳುಗಟ್ಟಲೆ ಜೋಮು. ಮುಟ್ಟಿದರೆ ದಪ್ಪ ಕಂಬಳಿಯ ಮೇಲಿಂದ ಮುಟ್ಟಿದಂತೆ. ನಿಧಾನವಾಗಿ ಅಂಚುಗಳಿಂದ ಒಳಕ್ಕೆ ಸ್ಪರ್ಶ ಮರಳುತ್ತದೆ. ನಡುವೆ ಕೆಲವರಿಗೆ ಒಂದು ಅಂಗೈಯಷ್ಟು ಜಾಗ ಹಾಗೇ ಉಳಿಯುವುದೂ ಉಂಟು. ನೋವಿಲ್ಲವಲ್ಲ ಎಂದು ನಾನು ಖುಷಿಯಾಗಿದ್ದೆ.

ಐದನೇ ವಾರ ಮುಟ್ಟಿನ ಹೊಟ್ಟೆನೋವು. ಮನೆಯಲ್ಲಿ ಎಂದಿನಂತೆ ಬಿಸಿನೀರಿನ ಚೀಲ ತುಂಬಿಸಿ ಕೊಟ್ಟರು. ನೈಟಿಯ ಮೇಲೆ ಇಟ್ಟುಕೊಂಡು ಟಿವಿ ನೋಡುತ್ತಾ ಕೂತೆ. ಒಳಗೆ ಹಿತವಾಯಿತು, ಹೊರಗೆ ಏನೂ ತಿಳಿಯಲಿಲ್ಲ. ರಾತ್ರಿ ಬನಿಯನ್ ಬದಲಿಸುವಾಗ ನೋಡಿದರೆ ಹೊಕ್ಕುಳಿನ ಕೆಳಗೆ ಐದು ರೂಪಾಯಿ ನಾಣ್ಯದಷ್ಟು ನೀರುಗುಳ್ಳೆ, ಪಕ್ಕದಲ್ಲಿ ಇನ್ನೊಂದು ಸಣ್ಣದು. ಸುಟ್ಟದ್ದು ಕೈಗೆ ಮಾತ್ರ ತಿಳಿಯಿತು, ಹೊಟ್ಟೆಗಲ್ಲ. ಅದು ಮಾಯಲು ಮೂರು ವಾರ ಹಿಡಿಯಿತು. ಸರ್ಜನ್ ಬೈಯಲಿಲ್ಲ, ಇಂಥ ಸುಟ್ಟ ಹೊಟ್ಟೆಗಳನ್ನು ಬೇಕಾದಷ್ಟು ನೋಡಿದವರಂತೆ ಮುಲಾಮು ಬರೆದರು. ಇವತ್ತಿಗೂ ನನ್ನ ಹೊಟ್ಟೆಯ ಮೇಲಿನ ಅತಿ ಕೆಟ್ಟ ಕಲೆ ಅವರು ಕೊಯ್ದದ್ದಲ್ಲ, ನಾನು ಸುಟ್ಟುಕೊಂಡದ್ದು.

ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್, ಬಾಣಂತಿಗೆ ಹಾಕುವಂಥ ಹಂಡೆಯ ಕುದಿನೀರು, ಕೆಂಡದ ಶಾಖ, ತೊಡೆಯ ಮೇಲಿನ ಕಾದ ಲ್ಯಾಪ್‌ಟಾಪ್ ಇವೆಲ್ಲವನ್ನೂ ಹೊಟ್ಟೆಯಿಂದ ದೂರ ಇಡಿ. ಊತಕ್ಕೆಂದು ಐಸ್ ಇಡುವುದೂ ಅಷ್ಟೇ ಅಪಾಯ, ಜೋಮು ಹಿಡಿದ ಚರ್ಮಕ್ಕೆ ಅತಿ ತಣ್ಣಗಿದ್ದದ್ದೂ ತಿಳಿಯುವುದಿಲ್ಲ. ಸ್ನಾನದ ನೀರನ್ನು ಮೊಣಕೈಯಿಂದ ಪರೀಕ್ಷಿಸಿ, ಎಳೆ ಮಗುವಿಗೆ ನೋಡುವ ಹಾಗೆ.

ಹಂತ 7: ಯಾವುದು ಸಹಜ, ಯಾವುದಕ್ಕೆ ಫೋನ್ ಮಾಡಬೇಕು

ಸಂಜೆಗೆ ಹೊಟ್ಟೆ ಊದಿ, ಬೆಳಿಗ್ಗೆ ಇಳಿಯುವುದು ಸಹಜ. ಮೂರರಿಂದ ಆರು ತಿಂಗಳು ಹೀಗೇ. ಹೊಲಿಗೆಯ ಸುತ್ತ ನವೆ, ಆಗಾಗ ಕರೆಂಟು ಹೊಡೆದಂಥ ಚುಳುಕು ಸಹಜ, ನರ ಎಚ್ಚರಗೊಳ್ಳುತ್ತಿದೆ. ಎರಡು ತಿಂಗಳ ಹೊತ್ತಿಗೆ ಗೆರೆಯ ಮೇಲೆ ಮೊಡವೆಯಂಥದ್ದು ಎದ್ದು ಒಳಗಿಂದ ದಾರದ ತುದಿ ಇಣುಕಬಹುದು. ಕರಗುವ ಹೊಲಿಗೆಯ ಗಂಟನ್ನು ಮೈ ಹೊರಹಾಕುತ್ತಿದೆ. ಎಳೆಯಬೇಡಿ, ಡ್ರೆಸ್ಸಿಂಗ್ ರೂಮಿನಲ್ಲಿ ಕತ್ತರಿಸುತ್ತಾರೆ.

ಹೊಟ್ಟೆ ಅಲುಗಿಸಿದರೆ ಒಳಗೆ ನೀರು ಕುಲುಕಿದಂತೆ ಆದರೆ ಸೆರೋಮಾ ಇರಬಹುದು, ಈ ಶಸ್ತ್ರಚಿಕಿತ್ಸೆಯ ಅತಿ ಸಾಮಾನ್ಯ ತೊಡಕು. ಸೂಜಿಯಲ್ಲಿ ಎಳೆದು ತೆಗೆಯುತ್ತಾರೆ. ಗಾಬರಿ ಬೇಡ, ಆದರೆ ತಡವೂ ಬೇಡ.

ಅವತ್ತೇ ಫೋನ್ ಮಾಡಬೇಕಾದವು: ಕೆಂಪು ದಿನದಿನಕ್ಕೆ ಹರಡುವುದು, ಮುಟ್ಟಿದರೆ ಬಿಸಿ, ಕೀವು, ದುರ್ವಾಸನೆ, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಹೊಲಿಗೆ ಬಾಯಿ ಬಿಡುವುದು, ಚರ್ಮದ ತುಂಡು ನೀಲಿ ಅಥವಾ ಕಪ್ಪಾಗುವುದು, ಒಂದು ಪಕ್ಕ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಊದುವುದು. ಫೋನಿಗೂ ಕಾಯದೆ ತುರ್ತು ಚಿಕಿತ್ಸೆಗೆ ಓಡಬೇಕಾದವು: ಒಂದೇ ಮೀನಖಂಡ ಊದಿ ನೋಯುವುದು, ಏದುಸಿರು, ಎದೆನೋವು.

ಜೋಮಿನಿಂದಾಗಿ ನೋವು ನಿಮಗೆ ಎಚ್ಚರಿಕೆ ಕೊಡುವುದಿಲ್ಲ. ಆದ್ದರಿಂದ ಕಣ್ಣೇ ಕಾವಲು. ದಿನಕ್ಕೊಮ್ಮೆ ಬೆಳಕಿನಲ್ಲಿ, ಕೈಗನ್ನಡಿ ಹಿಡಿದು ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ.

ಹಂತ 8: ಊಟ, ಅಥವಾ ನಂಜಿನ ಜಗಳ

ಹೊಲಿಗೆ ಹಾಕಿಸಿಕೊಂಡವರಿಗೆ ನಮ್ಮ ಕಡೆ ಮೊದಲು ನಿಲ್ಲುವುದು ಬದನೆಕಾಯಿ, ನಂಜು. ಆಮೇಲೆ ಒಬ್ಬೊಬ್ಬರು ಒಂದೊಂದು ಸೇರಿಸಿ ತೊಗರಿಬೇಳೆ, ಮೊಟ್ಟೆ, ಮೀನಿನ ತನಕ ಪಟ್ಟಿ ಬೆಳೆಸಿ, ಕೊನೆಗೆ ಅನ್ನ ಸಾರು ಹಪ್ಪಳ ಉಳಿಸುತ್ತಾರೆ. ಬದನೆಕಾಯಿ ಬಿಟ್ಟರೆ ಏನೂ ನಷ್ಟವಿಲ್ಲ, ಹಿರಿಯರ ಮನಸ್ಸಿಗೆ ಸಮಾಧಾನವಾಗಲಿ. ಬೇಳೆ, ಮೊಟ್ಟೆ, ಮೀನು ಬಿಡಿಸಿದರೆ ಮಾತ್ರ ಜಗಳವಾಡಿ. ಗಾಯ ಕೂಡುವುದು ಕೊಲಾಜನ್‌ನಿಂದ, ಕೊಲಾಜನ್ ಪ್ರೋಟೀನು. ಗಾಯ ಮಾಯುವ ದಿನಗಳಲ್ಲಿ ಮೈತೂಕದ ಒಂದೊಂದು ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು; 60 ಕಿಲೋ ಇದ್ದರೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18. ಮುದ್ದೆ ಉಣ್ಣುವವರು ಉಣ್ಣಿ, ಬಸ್ಸಾರಿನಲ್ಲಿ ಕಾಳು ದುಪ್ಪಟ್ಟಿರಲಿ. ಸಿ ವಿಟಮಿನ್ನಿಗೆ ನೆಲ್ಲಿಕಾಯಿ, ಸೀಬೆಹಣ್ಣು ಸಾಕು. ಸಕ್ಕರೆ ಕಾಯಿಲೆ ಇದ್ದವರಿಗೆ ರಕ್ತದ ಸಕ್ಕರೆ ಹತೋಟಿಯೇ ಮೊದಲ ಮುಲಾಮು. ಮೂತ್ರಪಿಂಡದ ತೊಂದರೆ ಇದ್ದವರು ಪ್ರೋಟೀನಿನ ಲೆಕ್ಕವನ್ನು ವೈದ್ಯರಿಂದಲೇ ಪಡೆಯಿರಿ.

ಹಂತ 9: ಟೇಪು, ಆಮೇಲೆ ಸಿಲಿಕೋನ್

ಕಲೆಯ ಆರೈಕೆ ಶುರುವಾಗುವುದು ಹಕ್ಕಳೆಯೆಲ್ಲ ಉದುರಿ, ಎಲ್ಲೂ ಒಸರದೆ, ಗೆರೆ ಪೂರ್ತಿ ಮುಚ್ಚಿದ ಮೇಲೆ. ಹೆಚ್ಚಿನವರಿಗೆ ಎರಡರಿಂದ ನಾಲ್ಕನೇ ವಾರ.

ಮೊದಲು ಅಗ್ಗದ್ದು: ಮೆಡಿಕಲ್ ಶಾಪಿನ ಕಂದು ಅಥವಾ ಬಿಳಿ ಪೇಪರ್ ಟೇಪು. ಗೆರೆಯ ಉದ್ದಕ್ಕೆ ಅಂಟಿಸಿದರೆ ಅದು ಎಳೆತವನ್ನು ತಾನು ಹೊರುತ್ತದೆ. ಸ್ನಾನಕ್ಕೂ ತೆಗೆಯಬೇಕಿಲ್ಲ, ಒಣಗಿಸಿದರಾಯಿತು. ನಾಲ್ಕೈದು ದಿನಕ್ಕೆ ಅಂಚು ಏಳುತ್ತದೆ, ಆಗ ಬದಲಾಯಿಸಿ. ಕೀಳುವಾಗ ಟೇಪನ್ನು ಚೆನ್ನಾಗಿ ನೆನೆಸಿ, ಗೆರೆಯ ಗುಂಟ ಎಳೆಯಿರಿ, ಅಡ್ಡಕ್ಕೆ ಎಳೆದರೆ ಹೊಸ ಚರ್ಮ ಸೀಳುತ್ತದೆ. ಟೇಪಿನ ಅಚ್ಚಿನಂತೆಯೇ ಕೆಂಪು ದದ್ದು ಎದ್ದರೆ ಅಂಟು ನಿಮಗೆ ಒಗ್ಗಿಲ್ಲ, ನಿಲ್ಲಿಸಿ.

ಸಿಲಿಕೋನ್ ಹಾಳೆ ಅಥವಾ ಜೆಲ್: ಕಲೆಗೆ ಹಚ್ಚುವ ವಸ್ತುಗಳ ಪೈಕಿ ವೈದ್ಯರು ಮೊದಲು ಹೇಳುವುದು ಇದನ್ನೇ. 1980ರ ದಶಕದ ಮೊದಲಲ್ಲಿ ಆಸ್ಟ್ರೇಲಿಯಾದಲ್ಲಿ ಸುಟ್ಟಗಾಯಗಳ ಕಲೆಗೆ ಬಳಸಿ ನೋಡಿದಲ್ಲಿಂದ ಇದು ಜಗತ್ತಿಗೆ ಹಬ್ಬಿತು. ಅದು ಒಳಗೆ ಇಳಿಯುವ ಔಷಧಿಯಲ್ಲ. ಹೊಸ ಕಲೆಯಿಂದ ತೇವ ಬೇಗ ಆರುತ್ತದೆ; ಆರಿದ ಚರ್ಮ ಕೆಳಗಿನ ಕೋಶಗಳಿಗೆ ಇನ್ನಷ್ಟು ಕೊಲಾಜನ್ ಮಾಡಿ ಎಂದು ಸುದ್ದಿ ಕಳಿಸುತ್ತಲೇ ಇರುತ್ತದೆ. ಸಿಲಿಕೋನ್ ಮುಚ್ಚಳದಂತೆ ಕೂತು ತೇವ ಹಿಡಿದಿಟ್ಟರೆ ಆ ಸುದ್ದಿ ನಿಲ್ಲುತ್ತದೆ. ಹಾಳೆಯಾದರೆ ದಿನಕ್ಕೆ ಕನಿಷ್ಠ 12 ಗಂಟೆ. ದಿನಾ ಹಾಳೆಯನ್ನೂ ಚರ್ಮವನ್ನೂ ತೊಳೆದು ಒಣಗಿಸಿ. ಮೊದಲ ದಿನ ನಾಲ್ಕು ಗಂಟೆ, ಆಮೇಲೆ ಎಂಟು, ಹೀಗೆ ಏರಿಸಿದರೆ ಬೆವರುಸಾಲೆ ಏಳುವುದಿಲ್ಲ. ಜೆಲ್ ಆದರೆ ದಿನಕ್ಕೆ ಎರಡು ಸಲ, ಕಂಡೂ ಕಾಣದಷ್ಟು ತೆಳುವಾಗಿ, ನಾಲ್ಕೈದು ನಿಮಿಷ ಒಣಗಲು ಬಿಡಿ. ದಪ್ಪಗೆ ಬಳಿದರೆ ಬೆಲ್ಟಿಗೆ ಅಂಟುವುದೇ ಲಾಭ. ಎರಡು ಮೂರು ತಿಂಗಳು ಬಿಡದೆ ಮಾಡಬೇಕು. ಎರಡು ವಾರಕ್ಕೆ ಏನೂ ಕಾಣದೆ ಕೈಬಿಡುವವರೇ ಜಾಸ್ತಿ.

ವಿಟಮಿನ್ ಇ ಕ್ಯಾಪ್ಸೂಲ್ ಚುಚ್ಚಿ ಹಚ್ಚಿಕೊಳ್ಳುವ ಪದ್ಧತಿ ನನಗೂ ಇತ್ತು. 1999ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಅದು ಕಲೆಗೆ ಉಪಕಾರ ಮಾಡಲಿಲ್ಲ, ಮೂರರಲ್ಲಿ ಒಬ್ಬರಿಗೆ ಚರ್ಮ ಕೆರಳಿಸಿತು. ಕ್ಯಾಪ್ಸೂಲ್ ಪಟ್ಟಿಯನ್ನು ನಾನು ಡ್ರಾಯರಿನಿಂದ ತೆಗೆದು ಕಸಕ್ಕೆ ಹಾಕಿದೆ.

ಹಂತ 10: ತಿಕ್ಕುವುದು

ನಾಲ್ಕರಿಂದ ಆರನೇ ವಾರದಲ್ಲಿ, ಸರ್ಜನ್ ಹೂಂ ಅಂದಮೇಲೆ. ಈಗ ಬೇಕಾದರೆ ಅಮ್ಮನ ಕೊಬ್ಬರಿ ಎಣ್ಣೆ ಬರಲಿ, ಬೆರಳು ಜಾರಲು ಅದು ಒಳ್ಳೆಯದೇ. ಎರಡು ಬೆರಳನ್ನು ಗೆರೆಯ ಮೇಲಿಟ್ಟು, ಒತ್ತಿದ ಜಾಗ ತುಸು ಬಿಳಿಚುವಷ್ಟು ಒತ್ತಿ, ಸಣ್ಣ ಸುತ್ತುಗಳಲ್ಲಿ ತಿಕ್ಕಿ. ಆಮೇಲೆ ಮೇಲೆ ಕೆಳಗೆ, ಆಮೇಲೆ ಎಡ ಬಲ. ಚರ್ಮದ ಮೇಲೆ ಬೆರಳು ಜಾರುವುದಲ್ಲ, ಬೆರಳಿನೊಂದಿಗೆ ಚರ್ಮವೇ ಒಳಗಿನ ಪದರದ ಮೇಲೆ ಸರಿಯಬೇಕು. ಅಂಟಿಕೊಂಡದ್ದು ಬಿಡುವುದು ಹಾಗೆ. ಐದು ನಿಮಿಷ, ದಿನಕ್ಕೆ ಎರಡು ಸಲ. ಎಣ್ಣೆ ತೊಳೆದು ಒಣಗಿಸಿದ ಮೇಲಷ್ಟೇ ಸಿಲಿಕೋನ್.

ಹಂತ 11: ಬಣ್ಣ

ಎರಡು ಮೂರು ತಿಂಗಳಿಗೆ ಕಲೆ ಮೊದಲಿಗಿಂತ ಕೆಂಪಾಗಿ, ದಪ್ಪಗೆ ಕಾಣುತ್ತದೆ. ಎಲ್ಲರೂ ಹೆದರುವುದು ಇಲ್ಲಿಯೇ. ಒಳಗೆ ಹೊಸ ರಕ್ತನಾಳ, ಹೊಸ ಕೊಲಾಜನ್ ತುಂಬಿದ ಹೊತ್ತು ಅದು, ಆಮೇಲೆ ಇಳಿಯುತ್ತದೆ. ನಮ್ಮ ಚರ್ಮದಲ್ಲಿ ಕೆಂಪಿನ ನಂತರ ಕಂದು ಬಂದು ವರ್ಷದ ತನಕ ಕೂರುವುದುಂಟು. ಕಲೆಯ ಬಣ್ಣದ ಚಿಂತೆ ಇವತ್ತಿನದಲ್ಲ. ಸುಶ್ರುತ ಸಂಹಿತೆ ವ್ರಣಕ್ಕೆ ಹೇಳುವ ಅರವತ್ತು ಉಪಕ್ರಮಗಳಲ್ಲಿ ಬೆಳ್ಳಗಾದ ಕಲೆಯನ್ನು ಕಪ್ಪಾಗಿಸುವ ಕೃಷ್ಣಕರ್ಮ, ಕಪ್ಪಾದದ್ದನ್ನು ತಿಳಿಯಾಗಿಸುವ ಪಾಂಡುಕರ್ಮ ಎರಡೂ ಇವೆ.

ಬಿಸಿಲು ಬಿದ್ದರೆ ಹೊಸ ಕಲೆ ಕಪ್ಪಾಗುತ್ತದೆ ಎಂಬುದು ನಿಜ. ಆದರೆ ಕೆಳಗಿನ ಗೆರೆ ಬಟ್ಟೆಯೊಳಗೇ ಇರುವುದರಿಂದ ಅದಕ್ಕೆ ಸನ್‌ಸ್ಕ್ರೀನ್ ಬಳಿಯುವುದು ದುಡ್ಡು ದಂಡ. ಸೀರೆ ಉಡುವವರಿಗೆ ಬಿಸಿಲು ತಾಗುವುದು ಹೊಕ್ಕುಳಿನ ಉಂಗುರಕ್ಕೆ. ಅಲ್ಲಿಗೆ ಎಸ್‌ಪಿಎಫ್ 30ಕ್ಕಿಂತ ಮೇಲಿನದು ಹಚ್ಚಿ, ಇಲ್ಲವೇ ಸೆರಗು ಹೊದೆಯಿರಿ. ಕೆಳಗಿನ ಗೆರೆಗೆ ಬಿಸಿಲಿಗಿಂತ ದೊಡ್ಡ ಶತ್ರು ಉಜ್ಜಾಟ: ಒಳಉಡುಪಿನ ಎಲಾಸ್ಟಿಕ್, ಜೀನ್ಸ್ ಪ್ಯಾಂಟಿನ ಹೊಲಿಗೆ, ಚೂಡಿದಾರದ ಲಾಡಿ. ಲಂಗದ ಲಾಡಿ ವರ್ಷಗಟ್ಟಲೆ ಉಜ್ಜಿ ಕಪ್ಪಾದ ಸೊಂಟ ನಮ್ಮಲ್ಲಿ ಎಷ್ಟು ಹೆಂಗಸರಿಗಿಲ್ಲ? ಆರು ತಿಂಗಳು ಗೆರೆಗಿಂತ ಮೇಲೆ ಬರುವ ಎತ್ತರದ ಹತ್ತಿಯ ಒಳಉಡುಪು, ಅಗಲ ಪಟ್ಟಿಯ ಲಂಗ ಹಾಕಿ. ಕಾರಿನಲ್ಲಿ ಸೀಟ್ ಬೆಲ್ಟ್ ಕಟ್ಟಲೇಬೇಕು. ಮಡಚಿದ ಟವೆಲ್ಲನ್ನು ನಡುವೆ ಇಟ್ಟುಕೊಳ್ಳಿ, ಬೆಂಗಳೂರಿನ ಗುಂಡಿಗಳಿಗೆ ಟವೆಲ್ ಎರಡು ಮಡಿಕೆ ಹೆಚ್ಚು.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಬಿಳುಪಿನ ಕ್ರೀಮುಗಳನ್ನು ಮುಟ್ಟಬೇಡಿ. ಹಲವುಗಳಲ್ಲಿ ಸ್ಟೆರಾಯ್ಡ್ ಬೆರೆತಿರುತ್ತದೆ, ಚರ್ಮ ತೆಳುವಾಗಿ ನೆತ್ತರು ನಾಳ ಕಾಣಿಸತೊಡಗುತ್ತದೆ.

ಹಂತ 12: ವರ್ಷದ ಲೆಕ್ಕ

ಕಲೆ ಪಕ್ವವಾಗಲು 12ರಿಂದ 18 ತಿಂಗಳು. ಅಲ್ಲಿಯ ತನಕ ಅದು ಬದಲಾಗುತ್ತಲೇ ಇರುತ್ತದೆ. ಕಲೆ ಉಬ್ಬಿದರೂ ಗಾಯದ ಗೆರೆಯೊಳಗೇ ಉಳಿದರೆ ಅದು ಉಬ್ಬುಗಲೆ, ಬಹುಪಾಲು ತಾನೇ ತಗ್ಗುತ್ತದೆ. ಗೆರೆ ದಾಟಿ ಆಚೀಚೆ ಒಳ್ಳೆಯ ಚರ್ಮಕ್ಕೂ ಹಬ್ಬತೊಡಗಿದರೆ ಕೆಲಾಯ್ಡ್, ತಾನೇ ಹೋಗುವುದಿಲ್ಲ. ಆಗ ವರ್ಷ ಕಾಯಬೇಡಿ. ಟ್ರಯಾಮ್ಸಿನೊಲೋನ್ ಇಂಜೆಕ್ಷನ್ನನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ ಗಂಟಿನೊಳಗೇ ಕೊಡುತ್ತಾರೆ, ಬೇಗ ಶುರುವಾದಷ್ಟು ಒಳ್ಳೆಯದು. ಕೆಲಾಯ್ಡನ್ನು ಸುಮ್ಮನೆ ಕತ್ತರಿಸಿದರೆ ಮೊದಲಿಗಿಂತ ದೊಡ್ಡದಾಗಿ ಮರಳುವ ಸಂಭವ ಹೆಚ್ಚು. ಗೆರೆಯ ಎರಡು ತುದಿಗಳಲ್ಲಿ ನಾಯಿಕಿವಿಯಂತೆ ಚರ್ಮ ಮಡಿಸಿ ನಿಂತಿದ್ದರೆ, ಊತ ಪೂರ್ತಿ ಇಳಿದ ಮೇಲೂ ಉಳಿದರೆ, ಅದನ್ನು ತಿದ್ದುವುದು ಸಣ್ಣ ಕೆಲಸ, ಆರು ತಿಂಗಳು ವರ್ಷ ಬಿಟ್ಟು ಮಾಡುತ್ತಾರೆ.

ತಿಂಗಳಿಗೊಮ್ಮೆ, ಅದೇ ಕಿಟಕಿಯ ಮುಂದೆ, ಅದೇ ಹೊತ್ತಿಗೆ ಒಂದು ಫೋಟೋ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ. ಮೂರನೇ ತಿಂಗಳ ಕೆಂಪು ಗೆರೆ ನೋಡಿ ನಾನು ಎಲ್ಲ ಫೋಟೋ ಅಳಿಸಿಬಿಟ್ಟೆ. ಈಗ ಗೆರೆ ತೆಳು ಕಂದು ದಾರದಷ್ಟಿದೆ, ಹಿಂದೆ ಹೇಗಿತ್ತು ಎಂದು ಹೊಸದಾಗಿ ಕೇಳುವವರಿಗೆ ತೋರಿಸಲು ನನ್ನಲ್ಲಿ ಒಂದೂ ಇಲ್ಲ. ನೀವು ಅಳಿಸಬೇಡಿ.